ಅವಸರವಿಲ್ಲದವರ ಜೀಪು

ಮಾಲೂರಿನ ಹಂಚಿನ ಕಾರ್ಖಾನೆಗಳ ಹಿತ್ತಲು, ಶ್ರೀನಿವಾಸಪುರದ ಮಾವಿನ ತೋಟದ ಶೆಡ್ಡು, ಮುಳಬಾಗಿಲು ಕಡೆಯ ಹಳ್ಳಿಗಳ ಕೊಟ್ಟಿಗೆ, ಎಲ್ಲಿ ಇಣುಕಿದರೂ ಗಾಳಿಯಿಲ್ಲದ ಟಯರುಗಳ ಮೇಲೆ ಕೂತ ಒಂದು ಮಹೀಂದ್ರ ಜೀಪು ಕಾಣಿಸುತ್ತದೆ. ಒಂದು ಕಾಲಕ್ಕೆ ಅದೇ ಊರಿನ ಬಸ್ಸು, ಅದೇ ಆಂಬುಲೆನ್ಸು, ಚುನಾವಣೆ ಬಂದರೆ ಮೈಕು ಕಟ್ಟುವ ಗಾಡಿಯೂ ಅದೇ. ಇಂಥದ್ದೊಂದನ್ನು ಮನೆಯಂಗಳದಲ್ಲೇ ಬಿಚ್ಚಿ ಕಟ್ಟುವ ಹುಚ್ಚು ಹತ್ತಿದವರು ಈ ಕೋಲಾರದ ಕಡೆ ಕಡಿಮೆಯೇನಿಲ್ಲ, ನಾನೂ ಅವರಲ್ಲೊಬ್ಬ. ಹೊಟ್ಟೆಪಾಡಿನ ಕೆಲಸ ಬೇರೆ, ಜೀಪು ಭಾನುವಾರದ್ದು.

ಈ ಕೆಲಸದಲ್ಲಿ ನನಗೆ ಹೊಳೆದದ್ದು ಒಂದೇ ಸಂಗತಿ. ಗ್ಯಾರೇಜಿನವರ ಹತ್ತಿರ ಯಂತ್ರವಿದೆ, ಪಳಗಿದ ಕೈಯಿದೆ, ಹೊತ್ತಿಲ್ಲ. ನಮ್ಮ ಹತ್ತಿರ ಇರುವುದು ಹೊತ್ತು ಮಾತ್ರ. ಹೊತ್ತು ಬೇಡುವ ಕೆಲಸ ಮನೆಯಲ್ಲಿ ಮಾಡಬೇಕು, ಯಂತ್ರ ಬೇಡುವುದನ್ನು ಹೊರಗೆ ಕೊಡಬೇಕು. ಆ ಗೆರೆ ಎಲ್ಲೆಲ್ಲಿ ಬೀಳುತ್ತದೆ ಅನ್ನುವುದನ್ನೇ ಕೆಳಗೆ ಬರೆದಿದ್ದೇನೆ.

1. ಮೊದಲು ಬಿಚ್ಚಬೇಕಾದ್ದು ಆರ್‌ಸಿ

ಬಾನೆಟ್ ಎತ್ತುವ ಮೊದಲು ಆರ್‌ಸಿ ಕೇಳಿ. "ಇದೆ ಸಾರ್, ಅಟ್ಟದ ಮೇಲೆಲ್ಲೋ ಇದೆ" ಅಂದರೆ, ಅಟ್ಟದಿಂದ ಇಳಿಯುವ ತನಕ ಮುಂಗಡ ಕೊಡಬೇಡಿ. ಹಳ್ಳಿಯ ಜೀಪಿನ ಆರ್‌ಸಿ ಸಾಮಾನ್ಯವಾಗಿ ತಾತನ ಹೆಸರಲ್ಲಿರುತ್ತದೆ. ತಾತ ತೀರಿಕೊಂಡಿದ್ದರೆ ಗಾಡಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ಫಾರಂ 31, ಮರಣ ಪ್ರಮಾಣಪತ್ರ, ಉಳಿದ ಮಕ್ಕಳ ಒಪ್ಪಿಗೆ ಎಲ್ಲ ಬೇಕು. ಅಣ್ಣತಮ್ಮಂದಿರು ಜಮೀನಿನ ವ್ಯಾಜ್ಯದಲ್ಲಿದ್ದರೆ ಜೀಪೂ ಆ ವ್ಯಾಜ್ಯದೊಳಗೇ ಇರುತ್ತದೆ, ಅಲ್ಲಿಂದ ನಮಸ್ಕಾರ ಹೇಳಿ ಹೊರಡುವುದು ಲೇಸು.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2022ರ ಏಪ್ರಿಲ್ 1ರಿಂದ ಕಾರು, ಜೀಪುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು, 20 ವರ್ಷ ದಾಟಿದ ಗಾಡಿಗಳಿಗೆ ಈಚೆಗೆ ಅದಕ್ಕಿಂತಲೂ ಜಾಸ್ತಿ. ಹಸಿರು ತೆರಿಗೆ, ತಡವಾದದ್ದಕ್ಕೆ ದಂಡ ಬೇರೆ. ಗಾಡಿಯ ಬೆಲೆ ಮಾತಾಡುವಾಗಲೇ ಈ ಲೆಕ್ಕ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅದು ಆರ್‌ಸಿಯಲ್ಲಿರುವ ನಂಬರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಎಂಜಿನ್ ನಂಬರನ್ನೂ ಬಿಡಬೇಡಿ. ನಮ್ಮ ಕಡೆ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ದೊಡ್ಡ ಚಾಳಿಯಾಗಿತ್ತು, ಕಾಗದದಲ್ಲಿ 2199 ಸಿಸಿ ಪೆಟ್ರೋಲ್, ಬಾನೆಟ್ ಕೆಳಗೆ ಇನ್ಯಾವುದೋ ಗಾಡಿಯ ಡೀಸೆಲ್. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಂಥ ಬದಲಾವಣೆಗೆ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಬರೆಸಿರುವುದಿಲ್ಲ.

ಮುಳಬಾಗಿಲು ದಾಟಿ ನಂಗಲಿ ಬಿಟ್ಟರೆ ಆಂಧ್ರ. ಗಡಿಯಾಚೆ ಗಾಡಿ ಅಗ್ಗ ಅನ್ನುವ ಮಾತು ಇದ್ದೇ ಇದೆ. ಅಲ್ಲಿಂದ ತಂದರೆ ಆ ಕಡೆಯ ಆರ್‌ಟಿಓದಿಂದ ಎನ್‌ಒಸಿ ತರಬೇಕು, ಈ ಕಡೆ ತೆರಿಗೆ ಕಟ್ಟಿ ಕೆಎ 07 ಇಲ್ಲವೇ ಕೆಎ 08 ನಂಬರು ಪಡೆಯಬೇಕು. ಇದೆಲ್ಲ ಕೂಡಿಸಿದ ಮೇಲೂ ಅಗ್ಗವೇ ಉಳಿದರೆ ತನ್ನಿ. ಸರಕಾರಿ ಹರಾಜಿನ ಜೀಪು ಕೊಂಡು ರಸ್ತೆಗಿಳಿಸುವ ಹಳೆಯ ದಾರಿ ಬಹುಮಟ್ಟಿಗೆ ಮುಚ್ಚಿದೆ. 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನಿಲ್ಲುತ್ತಿದೆ, ಅವು ಹೋಗುವುದು ಗುಜರಿಗೆ.

ಇನ್ನು 50 ವರ್ಷ ದಾಟಿದ ಗಾಡಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ಇದೆ. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ಬಾಳಿಕೆ 10 ವರ್ಷ. ಕೇಳುವುದಕ್ಕೆ ಗತ್ತಾಗಿದೆ. ಆದರೆ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಬಿಟ್ಟು ದಿನನಿತ್ಯ ಓಡಿಸುವ ಹಾಗಿಲ್ಲ. ತೋಟಕ್ಕೆ ಹೋಗಿಬರಲು ಜೀಪು ಬೇಕೆನ್ನುವವರು ಸಾಧಾರಣ ನೋಂದಣಿಯನ್ನೇ ಉಳಿಸಿಕೊಳ್ಳಲಿ.

2. ಮೊದಲ ಗಾಡಿ ಸರಳವಾಗಿರಲಿ

ನನ್ನ ಓಟು ಎತ್ತರದ ಬಾನೆಟ್ಟಿನ ಪೆಟ್ರೋಲ್ ಜೀಪಿಗೆ, ಅಂದರೆ ಸಿಜೆ 3ಬಿಗೆ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಇದನ್ನು ತಂದಿತು. ಅಲ್ಲಿ 1968ಕ್ಕೆ ನಿಂತುಹೋಯಿತು, ಇಲ್ಲಿ ಮಹೀಂದ್ರ ಅದನ್ನು ಆಮೇಲೂ ಬಹಳ ವರ್ಷ ಕಟ್ಟಿತು. ಬಾನೆಟ್ ಎತ್ತರವಾದದ್ದಕ್ಕೆ ಕಾರಣ ಎಂಜಿನ್ನು. ಯುದ್ಧಕಾಲದ ಜೀಪಿನಲ್ಲಿ ಎರಡೂ ವಾಲ್ವುಗಳು ಬ್ಲಾಕಿನ ಪಕ್ಕದಲ್ಲಿದ್ದವು. ಇದರಲ್ಲಿ ಇನ್‌ಲೆಟ್ ವಾಲ್ವು ತಲೆಯ ಮೇಲೆ ಹೋಯಿತು, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲೇ ಉಳಿಯಿತು. ಎಂಜಿನ್ ಎತ್ತರವಾಯಿತು, ಮುಚ್ಚಳವನ್ನು ಮೇಲೆತ್ತಬೇಕಾಯಿತು. ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿದೆ ಅನ್ನುವುದನ್ನು ನೆನಪಿಡಿ, ನೀರಿನ ಪಾಠದಲ್ಲಿ ಅದು ಮತ್ತೆ ಬೇಕಾಗುತ್ತದೆ.

ಡೀಸೆಲ್ಲೇ ಬೇಕು ಅನ್ನುವವರಿಗೆ ಪ್ಯೂಜೋ ಮೂಲದ 2112 ಸಿಸಿ ಎಂಜಿನ್ನಿನ ಎಂಎಂ 540 ಚೆನ್ನಾಗಿದೆ, ಪಾರ್ಟು ಸಿಗುತ್ತದೆ. ಮಾರುತಿ ಜಿಪ್ಸಿ ಓಡಿಸಲು ಸೊಗಸು, ಆದರೆ ಅದರ ತಗಡು ತೆಳು, ಬೆಲೆ ದಪ್ಪ.

3. ಮೇಲಿನ ಬಣ್ಣ ನೋಡಬೇಡಿ, ಕೆಳಗೆ ಮಲಗಿ

ನಮ್ಮದು ಒಣ ಸೀಮೆ. ಮಂಗಳೂರು ಕಡೆಯ ಜೀಪಿಗೆ ಹೋಲಿಸಿದರೆ ನಮ್ಮ ಜೀಪುಗಳ ಚಾಸಿ ಗಟ್ಟಿಯಾಗಿಯೇ ಇರುತ್ತದೆ. ಬಿಸಿಲಿಗೆ ಹಾಳಾಗುವುದು ರಬ್ಬರು, ಫೆಲ್ಟು, ವೈರಿನ ಮೇಲುಹೊದಿಕೆ. ಹಾಗಂತ ತುಕ್ಕೇ ಇಲ್ಲವೆಂದಲ್ಲ. ಯೂರಿಯಾ, ಡಿಎಪಿ ಮೂಟೆ ಹೊತ್ತ ಗಾಡಿಯ ಹಿಂಭಾಗದ ತಗಡು ಕಾಗದದಂತಾಗಿರುತ್ತದೆ. ಗೊಬ್ಬರದ ಉಪ್ಪು ಮೂಲೆಗಳಲ್ಲಿ ಕೂತು, ಮಂಜಿನ ಪಸೆ ಹೀರಿ, ಒಳಗಿನಿಂದ ತಿನ್ನುತ್ತದೆ.

ಸಣ್ಣ ಸುತ್ತಿಗೆ, ಹಳೆಯ ಸ್ಕ್ರೂಡ್ರೈವರ್ ಹಿಡಿದು ಗಾಡಿ ಕೆಳಗೆ ಮಲಗಿ. ಪೆಡಲುಗಳ ಕೆಳಗಿನ ನೆಲ, ಸೀಟಿನ ಕೆಳಗಿನ ಪೆಟ್ಟಿಗೆ, ನೆಲಕ್ಕೆ ಆಧಾರವಾದ ಅಡ್ಡ ಚಾನೆಲ್‌ಗಳು, ಚಾಸಿಯ ಕಟ್ಟಕಡೆಯ ಅಡ್ಡಪಟ್ಟಿ ಇವನ್ನೆಲ್ಲ ತಟ್ಟಿ ನೋಡಿ. ಠಣ್ ಅಂದರೆ ಕಬ್ಬಿಣ, ಡಬ್ ಅಂದರೆ ಪುಟ್ಟಿ ಮೆತ್ತಿದ್ದು. ಬಾಡಿ ಪೂರ್ತಿ ಹೋಗಿದ್ದರೆ ಎದೆಗುಂದಬೇಕಿಲ್ಲ, ಹರಿಯಾಣದ ಮಂಡಿ ಡಬ್ವಾಲಿ ಕಡೆ ಜೀಪಿನ ಹೊಸ ಬಾಡಿ ಕಟ್ಟಿಕೊಡುವ ದೊಡ್ಡ ಕಸುಬೇ ಇದೆ. ಚಾಸಿ ಬಾಗಿದ್ದರೆ, ಇಲ್ಲವೇ ನಂಬರಿನ ಜಾಗದಲ್ಲಿ ವೆಲ್ಡಿಂಗ್ ಗುರುತಿದ್ದರೆ ಮಾತ್ರ ಆ ಗಾಡಿ ಬೇಡ.

4. ಇಟ್ಟಿಗೆ ಗೋಡೆಗೆ, ಆಕ್ಸಲ್ ಕೆಳಗಲ್ಲ

ನಮ್ಮೂರಲ್ಲಿ ಕಲ್ಲಿಗೇನು ಬರ? ಅದಕ್ಕೇ ಜನ ಜೀಪನ್ನು ಸೈಜುಗಲ್ಲಿನ ಮೇಲೋ ಮಾಲೂರಿನ ಇಟ್ಟಿಗೆಯ ಮೇಲೋ ನಿಲ್ಲಿಸಿ ಕೆಳಗೆ ನುಸುಳುತ್ತಾರೆ. ಕಲ್ಲೂ ಇಟ್ಟಿಗೆಯೂ ಮುನ್ಸೂಚನೆ ಕೊಡದೆ ಸೀಳುತ್ತವೆ, ಕಬ್ಬಿಣದಂತೆ ಬಾಗಿ ಎಚ್ಚರಿಸುವುದಿಲ್ಲ. ಸ್ಪ್ಯಾನರ್ ಸೆಟ್ ಕೊಳ್ಳುವ ಮೊದಲು ನಾಲ್ಕು ಆಕ್ಸಲ್ ಸ್ಟ್ಯಾಂಡ್ ಕೊಳ್ಳಿ. ಜಾಕಿ ಎತ್ತುವುದಕ್ಕೆ, ಹೊರುವುದಕ್ಕಲ್ಲ. ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಬೇಕು. ಕೆಳಗೆ ಹೋಗುವ ಮೊದಲು ಗಾಡಿಯನ್ನು ಜೋರಾಗಿ ಒಮ್ಮೆ ಅಲ್ಲಾಡಿಸಿ ನೋಡಿ. ಮನೆಯಲ್ಲಿ ಇನ್ನೊಬ್ಬರು ಇಲ್ಲದಿದ್ದರೆ ಕೆಳಗಿನ ಕೆಲಸವನ್ನು ಆ ದಿನ ಬಿಟ್ಟುಬಿಡಿ.

5. ಇಂಚಿನ ಲೋಕ

ಹಳೆಯ ಜೀಪಿನ ನಟ್ಟು ಬೋಲ್ಟುಗಳು ಇಂಚಿನವು. 14 ಮಿಲಿಮೀಟರಿನ ಸ್ಪ್ಯಾನರ್ 9/16 ಇಂಚಿನ ಬೋಲ್ಟಿಗೆ 'ಹೆಚ್ಚೂಕಡಿಮೆ' ಕೂರುತ್ತದೆ, ಆ ಹೆಚ್ಚೂಕಡಿಮೆಯಲ್ಲೇ ಬೋಲ್ಟಿನ ಮೂಲೆಗಳು ಸವೆದು ದುಂಡಗಾಗುವುದು. ಇಂಚಿನ ಒಂದು ಒಳ್ಳೆಯ ರಿಂಗ್ ಸ್ಪ್ಯಾನರ್ ಸೆಟ್ ಬೇಕೇ ಬೇಕು. ಪ್ಯೂಜೋ ಡೀಸೆಲ್ಲಿನ ಗಾಡಿಯಾದರೆ ಎಂಜಿನ್ನಿಗೆ ಮಿಲಿಮೀಟರ್, ಗಾಡಿಯ ಉಳಿದ ಭಾಗಕ್ಕೆ ಇಂಚು, ಹೀಗೆ ಎರಡು ಸಂಸಾರ.

ಇನ್ನೊಂದು ಮಾತು. ವಿಲ್ಲಿಸ್ ವಂಶದ ಹಳೆಯ ಜೀಪುಗಳಲ್ಲಿ ಎಡಗಡೆ ಚಕ್ರಗಳ ನಟ್ಟು ಉಲ್ಟಾ ಥ್ರೆಡ್ಡಿನವು. ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ 'ಎಲ್' ಅಕ್ಷರವಿದೆಯೋ ಒರೆಸಿ ನೋಡಿ. ಅದನ್ನು ನೋಡದೆ ಪೈಪು ಹಾಕಿ ಎಡಕ್ಕೆ ಎಳೆದರೆ ಸಡಿಲಿಸುತ್ತಿದ್ದೇವೆ ಅಂದುಕೊಂಡು ಬಿಗಿಮಾಡುತ್ತಿರುತ್ತೇವೆ, ಕಡೆಗೆ ಸ್ಟಡ್ಡೇ ಕತ್ತರಿಸುತ್ತದೆ.

ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಬೋಲ್ಟುಗಳನ್ನು ಅವು ಬಂದ ತೂತಿಗೇ ಮರಳಿ ತಿರುಗಿಸಿಡಿ. ಡಬ್ಬಗಳಿಗೆ ಚೀಟಿ ಅಂಟಿಸುವುದಕ್ಕಿಂತ ಇದು ವಾಸಿ, ಚೀಟಿಯನ್ನು ಇಲಿ ತಿನ್ನುತ್ತದೆ.

6. ಜಾಮಾದ ಬೋಲ್ಟಿಗೆ ಔಷಧ ಕಾಯುವುದು

ಹವ್ಯಾಸಿ ಗೆಲ್ಲುವುದು ಇಲ್ಲಿ. ಗ್ಯಾರೇಜಿನಲ್ಲಿ ಜಾಮಾದ ಬೋಲ್ಟು ಕಂಡರೆ ಗ್ಯಾಸ್ ಕಟ್ಟರ್ ಬರುತ್ತದೆ, ಏಕೆಂದರೆ ಮುಂದಿನ ಗಾಡಿ ಬಾಗಿಲಲ್ಲಿ ಕಾಯುತ್ತಿದೆ. ನಮಗೆ ಯಾರೂ ಕಾಯುತ್ತಿಲ್ಲ. ತಂತಿ ಬ್ರಷ್ಷಿನಿಂದ ಥ್ರೆಡ್ಡು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹದವಾಗಿ ನಾಲ್ಕು ಏಟು ಕೊಟ್ಟು ಮನೆಯೊಳಗೆ ಹೋಗಿ. ಮಾರನೆಯ ದಿನವೂ ಅಷ್ಟೇ. ಒಂದು ವಾರ ಹೀಗೆ ಮಾಡಿದ ಮೇಲೆ, ಸಡಿಲಿಸುವ ಮುಂಚೆ ಕೂದಲೆಳೆಯಷ್ಟು ಬಿಗಿಯ ಕಡೆಗೆ ತಿರುಗಿಸಿ ನೋಡಿ. ತುಕ್ಕಿನ ಪದರ ಅಲ್ಲಿ ಒಡೆಯುತ್ತದೆ, ಆಮೇಲೆ ಬಿಚ್ಚುವುದು ಸುಲಭ. ಮುಂದೆ ಹಿಂದೆ, ಮುಂದೆ ಹಿಂದೆ, ಪ್ರತಿ ಸಲ ಒಂದು ಹನಿ ಎಣ್ಣೆ. ಕಾಯಿಸಲೇಬೇಕಾದರೆ ನಟ್ಟನ್ನು ಕಾಯಿಸಿ, ಬೋಲ್ಟನ್ನಲ್ಲ, ಹಿಗ್ಗಬೇಕಾದ್ದು ಹೊರಗಿನದು. ಪೆಟ್ರೋಲ್ ಪೈಪು, ಬ್ರೇಕ್ ಹೋಸು ಹತ್ತಿರವಿದ್ದರೆ ಬೆಂಕಿಯ ಮಾತೇ ಬೇಡ.

ತುಕ್ಕು ಬಿಡಿಸುವುದೂ ಹೊತ್ತಿನದ್ದೇ ಕೆಲಸ. ಸಣ್ಣ ಬ್ರಾಕೆಟ್ಟು, ಹಿಂಜುಗಳಿಗೆ ಹುಣಸೆ ರಸದಲ್ಲಿ ರಾತ್ರಿಯೆಲ್ಲ ನೆನೆಹಾಕಿದರೆ ಸಾಕು. ಅದಕ್ಕಿಂತ ದೊಡ್ಡದಕ್ಕೆ ಒಂದು ಪ್ಲಾಸ್ಟಿಕ್ ಡ್ರಮ್ಮು, ನೀರು, ಲೀಟರಿಗೆ ಒಂದು ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡ, 12 ವೋಲ್ಟಿನ ಬ್ಯಾಟರಿ ಚಾರ್ಜರ್ ಬೇಕು. ಚಾರ್ಜರಿನ ಮೈನಸ್ ತುಕ್ಕು ಹಿಡಿದ ಭಾಗಕ್ಕೆ, ಪ್ಲಸ್ ಒಂದು ರದ್ದಿ ಕಬ್ಬಿಣದ ಪಟ್ಟಿಗೆ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಕಪ್ಪು ಕೆಸರಾಗಿ ಕಳಚುತ್ತದೆ, ಒಳ್ಳೆಯ ಕಬ್ಬಿಣ ಒಂದಿಷ್ಟೂ ಸವೆಯುವುದಿಲ್ಲ. ಇದಕ್ಕೆ ಮೂರು ನಿಬಂಧನೆ. ಪ್ಲಸ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬಾರದು, ಅದರೊಳಗಿನ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಜಲಜನಕ ಅನಿಲ ಏಳುವುದರಿಂದ ಬಯಲಿನಲ್ಲೇ ಇಡಬೇಕು, ಹತ್ತಿರ ಬೀಡಿ ಸೇದಬಾರದು. ಲೀಫ್ ಸ್ಪ್ರಿಂಗು, ಸ್ಟೀರಿಂಗಿನ ಬೋಲ್ಟುಗಳಂಥ ಗಟ್ಟಿ ಉಕ್ಕನ್ನು ಇದರಲ್ಲಿ ಅದ್ದಬಾರದು, ಜಲಜನಕ ಒಳಸೇರಿದರೆ ಉಕ್ಕು ಪೆಡಸಾಗಿ ಬಿರಿಯಬಹುದು.

7. ಹೊರಗೆ ಕೊಡಬೇಕಾದ್ದು

ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ವಾಲ್ವ್ ಸೀಟ್ ಕಟಿಂಗ್, ಬ್ರೇಕ್ ಡ್ರಮ್ ತಿರುಗಿಸುವುದು, ರೇಡಿಯೇಟರ್ ಬೆಸುಗೆ ಇವು ಮನೆಯ ಕೆಲಸಗಳಲ್ಲ. ವೆಲ್ಡಿಂಗ್ ಕೂಡ. ಮೆಷಿನ್ನು ಅಗ್ಗಕ್ಕೆ ಸಿಗುತ್ತದೆ ನಿಜ. ಗೇಟು, ಕಿಟಕಿಗೆ ಹೊಡೆದು ಕೈ ಕುದುರಿಸಿಕೊಳ್ಳಿ, ಚಾಸಿಯನ್ನು ಬಲ್ಲವರಿಗೆ ಬಿಡಿ.

ಈ ವಿಷಯದಲ್ಲಿ ನಮ್ಮ ಜಿಲ್ಲೆ ಪುಣ್ಯವಂತ ಜಿಲ್ಲೆ. ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಲು ಶುರುಮಾಡಿದ ಮೇಲೆ, ನೆಲದಾಳಕ್ಕೆ ಇಳಿಯುವ ಯಂತ್ರಗಳನ್ನು ರಿಪೇರಿ ಮಾಡುವ ಫಿಟ್ಟರು, ಟರ್ನರುಗಳ ತಲೆಮಾರುಗಳೇ ಅಲ್ಲಿ ಬೆಳೆದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. 1964ರಲ್ಲಿ ಹುಟ್ಟಿದ ಬೆಮೆಲ್ ಕಾರ್ಖಾನೆ ಇನ್ನೂ ನಡೆಯುತ್ತಿದೆ. ಆ ಕೈಕೆಲಸ ಸಣ್ಣ ಸಣ್ಣ ಲೇತ್ ಅಂಗಡಿಗಳಲ್ಲಿ ಉಳಿದುಕೊಂಡಿದೆ. ಪಾರ್ಟು ಸಿಗದ ಬುಷ್ಷನ್ನು ಹಳೆಯದನ್ನು ನೋಡಿಯೇ ತಿರುಗಿಸಿಕೊಡುವವರು, 'ತೌ', ಅಂದರೆ ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕವನ್ನು ಬೆರಳ ತುದಿಯಲ್ಲಿ ಹೇಳುವವರು ಅಲ್ಲಿದ್ದಾರೆ. ಅಂಥವರ ಮುಂದೆ ಯೂಟ್ಯೂಬಿನಲ್ಲಿ ನೋಡಿದ್ದನ್ನು ಹೇಳಬೇಡಿ. ಅಳತೆ ಬರೆದ ಚೀಟಿ, ತೊಳೆದು ಒರೆಸಿದ ಪಾರ್ಟು ಎರಡನ್ನೂ ಕೊಟ್ಟು ಸುಮ್ಮನೆ ಕೂರಿ. ಗ್ರೀಸು ಮೆತ್ತಿದ ಪಾರ್ಟನ್ನು ಯಾರೂ ಪ್ರೀತಿಯಿಂದ ಮುಟ್ಟುವುದಿಲ್ಲ, ತೊಳೆದು ಕೊಂಡೊಯ್ದರೆ ಕೂಲಿಯೂ ಕಡಿಮೆ, ಮರ್ಯಾದೆಯೂ ಜಾಸ್ತಿ.

ಕೋಲಾರದ ಗ್ಯಾರೇಜುಗಳಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ, ಚೌಕಾಶಿಗೆ ಬಂದಾಗ ತೆಲುಗಿಗೆ ಹೊರಳಿ, ಪಾರ್ಟಿನ ಹೆಸರು ಬಂದಾಗ ಉರ್ದು ಬೆರೆತ ಇಂಗ್ಲಿಷಾಗುತ್ತದೆ. ಮೂರರಲ್ಲೂ ಒಂದು ವಾಕ್ಯ ಕಲಿತಿರುವುದು ಒಳ್ಳೆಯದು: ಹಳೇ ಪಾರ್ಟು ವಾಪಸ್ ಬೇಕು. ಬೆಂಗಳೂರಿನ ಜೆಸಿ ರಸ್ತೆಗೆ ಹೋದರೂ ಹಳೆಯ ಪಾರ್ಟನ್ನು ಚೀಲದಲ್ಲಿಟ್ಟುಕೊಂಡೇ ಹೋಗಿ. ಹೆಸರು ಹೇಳಿ ಕೇಳಿದರೆ ಅಂಗಡಿಯವರು ಕೊಡುವುದು ಅವರ ಹತ್ತಿರ ಇರುವುದನ್ನು.

8. ಓಡುವ ಮೊದಲು ನಿಲ್ಲಲಿ

ಎಂಜಿನ್ ಸದ್ದು ಕೇಳುವ ಆಸೆ ಎಲ್ಲರಿಗೂ ಇರುತ್ತದೆ, ಆದ್ದರಿಂದ ಬ್ರೇಕು ಹಿಂದೆ ಬೀಳುತ್ತದೆ. ಹಳೆಯ ಜೀಪಿನ ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೋಣೆ. ನಾಲ್ಕು ಚಕ್ರಕ್ಕೂ ಅದೇ ಎಣ್ಣೆ, ಅದೇ ದಾರಿ. ಯಾವುದೋ ಒಂದು ರಬ್ಬರ್ ಹೋಸು ಒಡೆದರೂ ನಾಲ್ಕೂ ಬ್ರೇಕು ಹೋಗುತ್ತದೆ. ಹೋಸು, ವೀಲ್ ಸಿಲಿಂಡರಿನ ರಬ್ಬರುಗಳಲ್ಲಿ ಹಳೆಯದು ಒಂದೂ ಉಳಿಯಬಾರದು. ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿಸಿಕೊಳ್ಳುವುದನ್ನು, ಅಸಲಿತನದ ಹಟ ಹಿಡಿದವರು ಏನೇ ಅನ್ನಲಿ, ನಾನು ಒಪ್ಪುತ್ತೇನೆ.

ಡ್ರಮ್ಮಿನೊಳಗಿನ ಕರಿ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ರಬ್ಬರು ತೊಳೆಯಲು ಪೆಟ್ರೋಲು, ಸೀಮೆಎಣ್ಣೆ ಬಳಸಿದರೆ ಉಬ್ಬಿಹೋಗುತ್ತದೆ, ಬ್ರೇಕ್ ಎಣ್ಣೆಯಲ್ಲೇ ತೊಳೆಯಬೇಕು. ಅದೇ ಬ್ರೇಕ್ ಎಣ್ಣೆ ಹೊಸ ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ.

9. ನಮ್ಮ ನೀರನ್ನು ರೇಡಿಯೇಟರಿಗೆ ಹಾಕಬೇಡಿ

ಬೇರೆ ಊರಿನವರು ಬರೆದ ಪುಸ್ತಕಗಳಲ್ಲಿ ಈ ಪಾಠ ಇರುವುದಿಲ್ಲ. ಜೀವನದಿಯಿಲ್ಲದ ಜಿಲ್ಲೆ ನಮ್ಮದು. ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಜನಕ್ಕೆ ಗೊತ್ತು, ಅದು ಹಲ್ಲು, ಮೂಳೆಗೆ ಕಂಟಕ. ಎಂಜಿನ್ನಿಗೆ ಕಂಟಕವಾಗುವುದು ಅದೇ ನೀರಿನ ಗಡಸುತನ. ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವೇ ಎಂಜಿನ್ ಬ್ಲಾಕಿನೊಳಗೂ ಕಟ್ಟುತ್ತದೆ. ಆ ಪದರ ಕಬ್ಬಿಣದ ಬಿಸಿಯನ್ನು ನೀರಿಗೆ ಹೋಗಗೊಡುವುದಿಲ್ಲ.

ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲೇ ಇದೆ ಅಂದೆನಲ್ಲ. ಉರಿದ ಹೊಗೆಯ ಬಿಸಿಯೆಲ್ಲ ಅಲ್ಲಿ ಬ್ಲಾಕಿನ ಗೋಡೆಗೆ ಇಳಿಯುತ್ತದೆ. ಸುತ್ತಲೂ ನೀರು ಹರಿಯುತ್ತಿದ್ದರೆ ಸರಿ, ಸುಣ್ಣ ಕಟ್ಟಿದ್ದರೆ ವಾಲ್ವ್ ಸೀಟು ಬಿರುಕು ಬಿಡುವ ಹಾದಿ. 'ಈ ಜೀಪು ಬಿಸಿಯಾಗೋ ಜಾತಿ ಸಾರ್' ಎಂದು ಮೆಕ್ಯಾನಿಕ್ಕುಗಳು ಹೇಳುವ ಎಷ್ಟೋ ಗಾಡಿಗಳು ನಿಜವಾಗಿ ಹೂಳು ತುಂಬಿದ ಗಾಡಿಗಳು. ಬ್ಲಾಕಿನ ಪಕ್ಕದ ಡಮ್ಮಿ ಪ್ಲಗ್ಗುಗಳನ್ನು ಕಳಚಿ, ಬಾಗಿಸಿದ ತಂತಿ ಹಾಕಿ ಕೆದಕಿ ನೋಡಿ. ಹಿಂದಿನ ತುದಿಯಲ್ಲಿ, ನಾಲ್ಕನೆಯ ಸಿಲಿಂಡರಿನ ಸುತ್ತ ತುಕ್ಕು, ಸುಣ್ಣ ಬೆರೆತ ಕೆಸರು ಬೊಗಸೆಗಟ್ಟಲೆ ಬರುತ್ತದೆ. ಬರಿ ಕೆಮಿಕಲ್ ಹಾಕಿ ಎಂಜಿನ್ ಓಡಿಸಿದರೆ ಇದು ಹೋಗುವುದಿಲ್ಲ, ಕೈಯಲ್ಲಿ ಕೆದಕಿ, ಪೈಪು ಹಿಡಿದು ತೊಳೆಯುತ್ತ ಕೂರಬೇಕು. ಬರುವ ನೀರು ತಿಳಿಯಾಗುವ ತನಕ ತೊಳೆಯಲು ಗ್ಯಾರೇಜಿನವರಿಗೆ ಪುರಸೊತ್ತಿಲ್ಲ. ಹೊಸ ಡಮ್ಮಿ ಪ್ಲಗ್ಗಿನ ಬೆಲೆ ಇದರ ಮುಂದೆ ಏನೂ ಅಲ್ಲ.

ಮರಳಿ ತುಂಬುವುದಕ್ಕೆ ಊರೂರಲ್ಲಿ ಶುದ್ಧ ನೀರಿನ ಘಟಕವಿದೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ಆ ಆರ್‌ಓ ನೀರಿನಲ್ಲಿ ಲವಣ ಬಹಳ ಕಡಿಮೆ. ಡಿಸ್ಟಿಲ್ಡ್ ನೀರು ಸಿಕ್ಕರೆ ಇನ್ನೂ ಉತ್ತಮ. ಅರ್ಧ ನೀರು, ಅರ್ಧ ಕೂಲೆಂಟ್ ಬೆರೆಸಿ. ನಮ್ಮಲ್ಲಿ ಹಿಮ ಬೀಳದಿದ್ದರೂ ಕೂಲೆಂಟ್ ಬೇಕು, ಅದು ತುಕ್ಕನ್ನೂ ತಡೆಯುತ್ತದೆ. ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ, ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ.

ಥರ್ಮೋಸ್ಟಾಟ್ ಕಿತ್ತೆಸೆಯುವುದು ನಮ್ಮ ಕಡೆಯ ಇನ್ನೊಂದು ಶಾಸ್ತ್ರ. "ನಮ್ಮೂರ ಬಿಸಿಲಿಗೆ ಅದ್ಯಾಕ್ ಸಾರ್?" ಎಂಜಿನ್ ಸರಿಯಾದ ಬಿಸಿಗೆ ಬಾರದಿದ್ದರೆ ಪೆಟ್ರೋಲ್ ಪೂರ್ತಿ ಉರಿಯದೆ ಎಣ್ಣೆಯೊಳಗೆ ಇಳಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಹೊಸದನ್ನು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿ, 80 ಡಿಗ್ರಿಯ ಆಸುಪಾಸು ಬಾಯಿಬಿಡುವುದನ್ನು ಕಣ್ಣಾರೆ ನೋಡಿ ಹಾಕಿ. ಪಾತ್ರೆ ಅಡುಗೆಮನೆಯದಾಗದಿರಲಿ.

10. ಸೀಟಿನ ಕೆಳಗಿನ ಪೆಟ್ರೋಲು

ಸಿಜೆ 3ಬಿಯ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇದೆ, ಅಂದರೆ ಅದರ ಮೇಲೆಯೇ ನಾವು ಕೂರುವುದು. ತುಕ್ಕು ಹಿಡಿದು ಸೋರುವ ಟ್ಯಾಂಕಿಗೆ ಎಂಸೀಲ್ ಮೆತ್ತಿ ಕೈತೊಳೆದುಕೊಳ್ಳುವಂತಿಲ್ಲ. 'ಖಾಲಿ' ಟ್ಯಾಂಕನ್ನು ವೆಲ್ಡಿಂಗಿಗೆ ಒಯ್ಯುವುದಂತೂ ಪ್ರಾಣದ ಜೊತೆ ಆಟ, ಸಿಡಿಯುವುದು ಪೆಟ್ರೋಲಿಗಿಂತ ಅದರ ಆವಿ. ಹೊಸ ಟ್ಯಾಂಕು ಕೊಳ್ಳಿ.

ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥೆನಾಲ್ ಬೆರೆತ ಪೆಟ್ರೋಲು. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ಕಾರ್ಕಿನ ವಾಷರುಗಳು ಅದಕ್ಕೆ ತಾಳುವುದಿಲ್ಲ, ಮೆತ್ತಗಾಗಿ ಜಿನುಗುತ್ತವೆ. ಎಥೆನಾಲಿಗೆ ಒಗ್ಗುವ ಪೈಪನ್ನೇ ಕೇಳಿ ತನ್ನಿ. ಎಥೆನಾಲ್ ನೀರನ್ನೂ ಹೀರುತ್ತದೆ, ತಿಂಗಳುಗಟ್ಟಲೆ ನಿಲ್ಲುವ ಗಾಡಿಯಲ್ಲಿ ಕಾರ್ಬೊರೇಟರ್ ಖಾಲಿ ಮಾಡಿಡುವುದು ಕ್ಷೇಮ. ಈ ಎಂಜಿನ್ನು ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. 2000ದ ಫೆಬ್ರವರಿಯಿಂದ ದೇಶದಲ್ಲಿ ಅದು ಇಲ್ಲ. ಸೀಸ ವಾಲ್ವ್ ಸೀಟಿನ ಸವೆತ ತಡೆಯುತ್ತಿತ್ತು. ಹೇಗೂ ಬ್ಲಾಕು ಮೆಷಿನ್ ಶಾಪಿಗೆ ಹೋಗಿರುತ್ತದಲ್ಲ, ಎಕ್ಸಾಸ್ಟ್ ಕಡೆ ಗಟ್ಟಿ ಸೀಟು ಹಾಕಿಸಿಬಿಡಿ.

11. ವೈರಿಂಗು

ಹಳೆಯದರ ಮೇಲೆ ಟೇಪು ಸುತ್ತಬೇಡಿ. ಪೂರ್ತಿ ಕಿತ್ತು ಹೊಸದು ಎಳೆಯಿರಿ, ಪ್ರತಿ ದಾರಿಗೂ ಫ್ಯೂಸ್ ಇರಲಿ, ಬ್ಯಾಟರಿಯ ಹತ್ತಿರ ಒಂದು ಕಟಾಫ್ ಸ್ವಿಚ್ಚಿರಲಿ. ತೋಟದ ಶೆಡ್ಡಿನಲ್ಲಿ ಇಲಿಗಳಿಗೆ ಹೊಸ ವೈರೆಂದರೆ ಹಬ್ಬ.

12. ನಡುಗುವ ಸ್ಟೀರಿಂಗು

ನಲವತ್ತು ಕಿಲೋಮೀಟರ್ ವೇಗಕ್ಕೆ ಬಂದ ಕೂಡಲೇ ಮುಂದಿನ ಚಕ್ರಗಳೆರಡೂ ಕುಣಿಯಲು ಶುರುಮಾಡಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡರೆ, ಮೆಕ್ಯಾನಿಕ್ ಮೊದಲು ಹೇಳುವುದು 'ವೀಲ್ ಬ್ಯಾಲೆನ್ಸ್ ಮಾಡ್ಸಿ'. ಮಾಡಿಸಿ, ತಪ್ಪಿಲ್ಲ. ಆದರೆ ರೋಗ ಹೆಚ್ಚಾಗಿ ಇರುವುದು ಕಿಂಗ್‌ಪಿನ್ ಬೇರಿಂಗು, ಟೈರಾಡ್ ಎಂಡು, ಸ್ಪ್ರಿಂಗಿನ ಬುಷ್ಷುಗಳಲ್ಲಿ. ಮುಂದಿನ ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ, ಇನ್ನೊಬ್ಬರಿಗೆ ಎಲ್ಲಿ ಆಡುತ್ತಿದೆ ನೋಡಲು ಹೇಳಿ. ಕಿಂಗ್‌ಪಿನ್ನಿನ ಬಿಗಿಯನ್ನು ತೆಳು ಶಿಮ್ಮುಗಳಿಂದ ಹೊಂದಿಸಬೇಕು. ಒಂದು ಶಿಮ್ ತೆಗೆ, ಕಟ್ಟು, ತಿರುಗಿಸು, ಮತ್ತೆ ಬಿಚ್ಚು. ಸಂಜೆಯೆಲ್ಲ ಹಿಡಿಯುವ, ಯಾರೂ ದುಡ್ಡಿಗೆ ಮಾಡಿಕೊಡದ ಕೆಲಸವಿದು. ಅಲ್ಲೇ ಇರುವ ಫೆಲ್ಟ್ ಸೀಲನ್ನೂ ಬದಲಿಸಿ, ಇಲ್ಲದಿದ್ದರೆ ನಮ್ಮ ಕೆಮ್ಮಣ್ಣು ಒಳಹೋಗಿ ಗ್ರೀಸಿನ ಜೊತೆ ಸೇರಿ ಸಾಣೆಯ ಪುಡಿಯಾಗುತ್ತದೆ.

13. ಮಿಲಿಟರಿ ಹಸಿರು ಬೇಡ

ಜೀಪು ಅಂದ ಕೂಡಲೇ ಎಲ್ಲರ ಕಣ್ಣಿಗೂ ಕಟ್ಟುವುದು ಆಲಿವ್ ಹಸಿರು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ವಾಹನಕ್ಕೆ ಆ ಬಣ್ಣ ಹೊಡೆಯುವಂತಿಲ್ಲ. ಬೇರೆ ಬಣ್ಣಕ್ಕೆ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಬಣ್ಣ ಹೊಡೆಯುವುದನ್ನು ಹೊರಗೆ ಕೊಡಿ, ಅದಕ್ಕೆ ಮುಂಚಿನ ಉಜ್ಜುವ ಕೆಲಸವನ್ನು ನೀವೇ ಮಾಡಿ. ಉಪ್ಪುಕಾಗದ ಹಿಡಿದು ತಗಡು ಕಾಣುವ ತನಕ ಉಜ್ಜಿದವರ ಗಾಡಿಯಲ್ಲಿ ಬಣ್ಣ ನಿಲ್ಲುತ್ತದೆ. ಟಿಂಕರಿಂಗ್‌ನವರು ಪುಟ್ಟಿ ಮೆತ್ತುವಾಗ ಪಕ್ಕದಲ್ಲಿ ನಿಂತಿರಿ. ಉಗುರಿನಷ್ಟು ದಪ್ಪ ಸಾಕು, ಅದಕ್ಕಿಂತ ಹೆಚ್ಚು ಬೇಕಾದ ಕಡೆ ತಗಡನ್ನೇ ಬಡಿದು ಸರಿಮಾಡಬೇಕು.

14. ಮೊದಲ ಓಟ

ಗಾಡಿ ಮುಗಿದ ಕೂಡಲೇ ಕುರುಡುಮಲೆ ಗಣಪತಿಯ ಮುಂದೆ ನಿಲ್ಲಿಸುವ ಆಸೆ ಮುಳಬಾಗಿಲು ಸೀಮೆಯವರಿಗೆಲ್ಲ ಇರುತ್ತದೆ. ಎಸ್.ಎಂ. ಕೃಷ್ಣ 1999ರ ವಿಧಾನಸಭಾ ಚುನಾವಣೆಗೆ ಮುಂಚೆ ಪಾಂಚಜನ್ಯ ಯಾತ್ರೆಗೆ ಹೊರಟದ್ದೂ ಅಲ್ಲಿಂದಲೇ. ಪೂಜೆ ಆಗಲಿ, ಆದರೆ ಅಲ್ಲಿಗೆ ಹೋಗಲು ಹೆದ್ದಾರಿ 75ನ್ನು ಹಿಡಿಯುವ ಮೊದಲು ಊರ ಸುತ್ತಲ ಹಳ್ಳಿ ರಸ್ತೆಗಳಲ್ಲಿ ಕೆಲವು ದಿನ ಓಡಿಸಿ. ಐದಾರು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ನಾಲ್ಕೂ ಹಬ್ಬನ್ನು ಕೈಯಿಂದ ಮುಟ್ಟಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕು ಹಿಡಿದಿದೆ, ಇಲ್ಲವೇ ಬೇರಿಂಗು ಬಿಗಿಯಾಗಿದೆ. ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಎಡಗಡೆಯವು ಯಾವ ಕಡೆ ತಿರುಗುತ್ತವೆ ಅನ್ನುವುದನ್ನು ಮರೆಯದೆ.

ಫೋರ್‌ವೀಲ್ ಪರೀಕ್ಷೆಯನ್ನು ಟಾರು ರಸ್ತೆಯ ಮೇಲೆ ಮಾಡಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು, ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಆ ವ್ಯತ್ಯಾಸಕ್ಕೆ ಜಾಗವಿಲ್ಲ. ಸಡಿಲ ನೆಲವಾದರೆ ಟಯರು ಜಾರಿ ಸರಿಹೋಗುತ್ತದೆ, ಟಾರಿನ ಮೇಲೆ ಗೇರುಗಳು ಆ ಜಗ್ಗಾಟವನ್ನು ನುಂಗಬೇಕು. ಹಿಂದೆ ಇದಕ್ಕೆಲ್ಲ ಬತ್ತಿದ ಕೆರೆಯಂಗಳಗಳಿದ್ದವು. 2018ರಲ್ಲಿ ಬೆಂಗಳೂರಿನಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಬಂದ ಮೇಲೆ ಕೋಲಾರ ಸುತ್ತಿನ ಎಷ್ಟೋ ಕೆರೆಗಳಲ್ಲಿ ಈಗ ನೀರು ನಿಂತಿದೆ. ಜೀಪಿನವರ ನಷ್ಟ, ಊರಿನ ಲಾಭ. ಉತ್ತು ಬಿಟ್ಟ ರಾಗಿ ಹೊಲ ಸಾಕು, ಹೊಲದವರನ್ನು ಕೇಳಿ ಇಳಿಸಿ. ಬೆಟ್ಟದ ಕಡೆ ಅರಣ್ಯ ಇಲಾಖೆಯ ಕಲ್ಲು ಕಂಡರೆ ಹಿಂದಿರುಗಿ.

ಐನೂರು ಕಿಲೋಮೀಟರಿಗೆ ಎಂಜಿನ್ ಎಣ್ಣೆ ಬದಲಿಸಿ, ಹಳೆಯ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಲೋಹದ ಹೊಳಪಿದೆಯೇ ಬಿಸಿಲಿನಲ್ಲಿ ನೋಡಿ. ಇನ್ನು ಮೇ, ಜೂನ್ ತಿಂಗಳಲ್ಲಿ ಹೊಸದಾಗಿ ಕಟ್ಟಿದ ಗಾಡಿಯನ್ನು ಶ್ರೀನಿವಾಸಪುರದ ಕಡೆ ಒಯ್ಯಬೇಡಿ. ಮಾವಿನ ಮಂಡಿಗಳ ಮುಂದೆ ಲಾರಿ, ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಇಂಚಿಂಚು ಸರಿಯುತ್ತಲೇ ಹೊಸ ಕ್ಲಚ್ ಪ್ಲೇಟು ಅರ್ಧ ಸವೆದಿರುತ್ತದೆ.